ಪರಿಚಯ ಇಲ್ಲದವರ ಸ್ಮರಣೆ ಸಭೇಲಿ ನಮ್ಮ ಬ್ಯಾಂಡ್ ಹಾಡೋದು ಸರೀನಾ?

ಪ್ರಶ್ನೆ: "ನಮಸ್ಕಾರ ಮೇಡಂ. ನಾವು ಐದು ಜನ ಸೇರಿ ಒಂದು ಸಣ್ಣ ಬ್ಯಾಂಡ್ ಮಾಡ್ಕೊಂಡಿದೀವಿ, ನಾನು ಹಾಡ್ತೀನಿ, ಗಿಟಾರ್ ನುಡಿಸ್ತೀನಿ. ನಾವಿರೋ ಕಡೆಯಿಂದ ಸ್ವಲ್ಪ ದೂರದ ಒಂದು ಬಡಾವಣೆಯ ಹುಡುಗ ಪೊಲೀಸ್ ಕಸ್ಟಡಿಯಲ್ಲಿ ತೀರಿಕೊಂಡು ಮುಂದಿನ ತಿಂಗಳಿಗೆ ಒಂದು ವರ್ಷ ಆಗತ್ತೆ. ಅಲ್ಲಿನ ಜನ ಮತ್ತೆ ನ್ಯಾಯಕ್ಕೆ ಹೋರಾಡ್ತಿರೋ ಒಂದು ಗುಂಪು ಸೇರಿ ಸಂಜೆ ಸ್ಮರಣೆ ಸಭೆ ಇಟ್ಕೊಂಡಿದಾರೆ, ಮೂರ್ನಾಲ್ಕು ಹಾಡು ಹಾಡಿ ಅಂತ ಗುಂಪಿನವರು ನಮ್ಮನ್ನ ಕರೆದಿದಾರೆ. ನಮಗೆ ಆ ಹುಡುಗನ ಪರಿಚಯ ಇಲ್ಲ, ಆ ಸಮುದಾಯದವರೂ ಅಲ್ಲ. ಅವರ ಸಾವಿನ ಮೇಲೆ ನಾವು ಹೆಸರು ಮಾಡ್ಕೊಂಡ ಹಾಗೆ ಆಗಲ್ವಾ? ನಮ್ಮ ಡ್ರಮ್ಸ್ ಹುಡುಗ ಸತ್ತವರ ಸಭೇಲಿ ಡ್ರಮ್ಸ್ ಬಾರಿಸೋದೇ ತಪ್ಪು ಅಂತಾನೆ. ಕೀಬೋರ್ಡ್ ಅವನು ಸಂಗೀತಕ್ಕೆ ರಾಜಕೀಯ ಬೇಡ, ಮುಂದೆ ಶೋ ಸಿಗಲ್ಲ ಅಂತಾನೆ. ಇನ್ನೊಬ್ಬ ಆ ಹುಡುಗನ ಹೆಸರಿಟ್ಟು ಹಾಡು ಬರೆದೇ ಬಿಟ್ಟಿದಾನೆ, ಅವತ್ತೇ ವಿಡಿಯೋ ಬಿಡೋಣ ಅಂತಿದಾನೆ. ದುಡ್ಡು ತಗೋಬೇಕಾ ಬೇಡ್ವಾ, ಗಲಾಟೆ ಆದ್ರೆ ಏನು ಮಾಡೋದು, ಏನೂ ತೋಚ್ತಿಲ್ಲ. ಹೋಗ್ಲಾ ಬೇಡ್ವಾ ಹೇಳಿ."

ಉತ್ತರ:

ನಿಮ್ಮ ಪತ್ರ ಎರಡು ಸಲ ಓದ್ದೆ. ಐದಾರು ಪ್ರಶ್ನೆ ಕೇಳಿದೀರ, ಆದ್ರೆ ಎಲ್ಲದರ ಕೆಳಗಿರೋ ಅಳುಕು ಒಂದೇ, ಬೇರೆಯವರ ಮನೆ ಸಾವು ನಮಗೆ ಸ್ಟೇಜ್ ಆಗಿಬಿಡತ್ತಾ ಅಂತ. ಆ ಅಳುಕು ಒಳ್ಳೇದು, ಬಿಡಬೇಡಿ. ನಾನು ಇಪ್ಪತ್ತು ವರ್ಷದಿಂದ ಇಂಥ ಸಭೆಗಳಲ್ಲಿ ಹಾಡೋ, ಹಾಡಿಸೋ ಕೆಲಸ ಮಾಡ್ತಿದೀನಿ, ಅಳುಕೇ ಇಲ್ದೆ ಬಂದವರಿಂದಲೇ ಜಾಸ್ತಿ ನೋವಾಗಿರೋದನ್ನ ನೋಡಿದೀನಿ.

ಆದ್ರೆ ನಿಮ್ಮ ಪತ್ರದಲ್ಲಿ ಒಂದು ವಿಷಯ ಇಲ್ವೇ ಇಲ್ಲ. ಆ ಹುಡುಗನ ಅಪ್ಪ ಅಮ್ಮ, ಅಣ್ಣ ತಂಗಿ, ಅವರು ಏನಂತಾರೆ? ಗುಂಪಿನವರು ಕರೆದ್ರು ಅಂದ್ರಿ, ಮನೆಯವರು ಕರೆದ್ರಾ? ಹೋಗೋದಾ ಬೇಡ್ವಾ ಅನ್ನೋದು ಇದರ ಮೇಲೆ ನಿಂತಿದೆ, ನೀವು ಆ ಸಮುದಾಯದವರಾ ಅಲ್ವಾ ಅನ್ನೋದರ ಮೇಲಲ್ಲ. ಹೋರಾಟದ ಗುಂಪಿನವರು ಒಳ್ಳೇ ಮನಸ್ಸಿನವರೇ ಇರ್ತಾರೆ, ಆದ್ರೆ ಅವರಿಗೆ ಸಭೆ ದೊಡ್ಡದಾಗಬೇಕು, ಸುದ್ದಿ ಆಗಬೇಕು, ಅದು ಅವರ ಕೆಲಸ. ಮನೆಯವರಿಗೆ ಅವತ್ತು ಬೇರೇನೋ ಬೇಕಿರಬಹುದು. ಎರಡೂ ಯಾವಾಗಲೂ ಒಂದೇ ಆಗಿರಲ್ಲ.

ನಾನು ಇದನ್ನ ಕಲಿತಿದ್ದು ಒಂದು ತಪ್ಪಿನಿಂದ. ತುಂಬಾ ವರ್ಷದ ಹಿಂದೆ ಒಂದು ಸಭೇಲಿ, ಎಲ್ಲರಿಗೂ ಗೊತ್ತಿರೋ ಒಂದು ಮೆಲೋಡಿ ಹಾಡು ಆರಿಸ್ಕೊಂಡಿದ್ದೆ, ಯಾರನ್ನೂ ಕೇಳಿರಲಿಲ್ಲ. ಎರಡನೇ ಸಾಲಿಗೆ ಸತ್ತವನ ತಂಗಿ ಎದ್ದು ಹೊರಗೆ ಹೋದ್ಲು, ಮತ್ತೆ ಒಳಗೆ ಬರಲೇ ಇಲ್ಲ. ಆಮೇಲೆ ಗೊತ್ತಾಯ್ತು, ಅದು ಅವನ ಫೋನಿನ ಕಾಲರ್ ಟ್ಯೂನ್ ಆಗಿತ್ತು, ಅವನು ಮನೆಗೆ ಬರದೇ ಇದ್ದ ರಾತ್ರಿ ಪೂರ್ತಿ ಆ ಹುಡುಗಿ ಆ ನಂಬರಿಗೆ ಕಾಲ್ ಮಾಡ್ತಾನೇ ಇದ್ದಳಂತೆ. ನಾನು ಮೊದಲೇ ಅವರ ಮನೆಗೆ ಹೋಗಿ ಐದು ನಿಮಿಷ ಕೂತಿದ್ರೆ ಸಾಕಾಗ್ತಿತ್ತು. ಅವತ್ತಿಂದ ಇವತ್ತಿನವರೆಗೂ ಮನೆಯವರನ್ನ ನೋಡದೆ ಒಂದು ಸಭೆಗೂ ಒಪ್ಕೊಂಡಿಲ್ಲ.

ಹಾಗಾಗಿ ಮೊದಲ ಕೆಲಸ, ಗುಂಪಿನವರ ಜೊತೆ ನೀವೊಬ್ಬರೇ ಇಲ್ಲಾ ಇಬ್ಬರು ಹೋಗಿ, ವಾದ್ಯ ತಗೊಂಡು ಹೋಗಬೇಡಿ, ಸುಮ್ನೆ ಹೋಗಿ ಕೂತ್ಕೊಳ್ಳಿ. ಮೂರೇ ವಿಷಯ ಕೇಳಿ: ಹಾಡು ಬೇಕಾ, ಅವನಿಗೆ ಯಾವ ಹಾಡು ಇಷ್ಟ ಇತ್ತು, ಯಾವ ಹಾಡು ಬೇಡವೇ ಬೇಡ. ಮೂರನೇದನ್ನ ಯಾರೂ ಕೇಳಲ್ಲ, ನನ್ನ ಪ್ರಕಾರ ಅದೇ ಮುಖ್ಯ. ಮಾರ್ಟಿನ್ ಲೂಥರ್ ಕಿಂಗ್ 1968ರ ಏಪ್ರಿಲ್ 4ರಂದು ಗುಂಡಿಗೆ ಬಲಿಯಾಗೋಕೆ ಸ್ವಲ್ಪ ಮುಂಚೆ ಬೆನ್ ಬ್ರಾಂಚ್ ಅನ್ನೋ ಸಂಗೀತಗಾರರಿಗೆ ಇವತ್ತಿನ ಸಭೇಲಿ ಇಂಥ ಭಕ್ತಿಗೀತೆ ನುಡಿಸಿ, ಚೆನ್ನಾಗಿ ನುಡಿಸಿ ಅಂದಿದ್ರು. ಐದು ದಿನ ಆದ್ಮೇಲೆ ಅವರ ಅಂತಿಮ ವಿದಾಯದಲ್ಲಿ ಮಹಾಲಿಯಾ ಜಾಕ್ಸನ್ ಹಾಡಿದ್ದೂ ಅದೇ ಗೀತೆನ. ಅವತ್ತಿಗೆ ಮಹಾಲಿಯಾ ಪ್ರಪಂಚಕ್ಕೇ ಗೊತ್ತಿದ್ದ ಗಾಯಕಿ, ಏನು ಬೇಕಾದ್ರೂ ಹಾಡಬಹುದಿತ್ತು, ಆದ್ರೆ ತೀರಿಹೋದವರ ಮನಸ್ಸಲ್ಲಿದ್ದ ಹಾಡನ್ನೇ ಹಾಡಿದ್ರು.

ಮನೆಯವರು ಬೇಡ ಅಂದ್ರೆ ಅಲ್ಲಿಗೆ ಮುಗೀತು, ಗುಂಪಿನವರು ಎಷ್ಟೇ ಒತ್ತಾಯ ಮಾಡಿದ್ರೂ ಹಾಡಬೇಡಿ. ಬೇಕು ಅಂದ್ರೆ ನೀವು ಯಾವ ಜಾತಿ, ಯಾವ ಧರ್ಮ, ಯಾವ ಬಡಾವಣೆ ಅನ್ನೋದು ಅಡ್ಡ ಬರಲ್ಲ.

ಈಗ ಡ್ರಮ್ಸ್ ವಿಷಯ. ಸಾವಿನ ಜಾಗದಲ್ಲಿ ವಾದ್ಯ ತಪ್ಪು ಅನ್ನೋದು ಕೆಲವು ಕಡೆಯ ರೂಢಿ, ಎಲ್ಲಾ ಕಡೆಯದಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್ ಊರಲ್ಲಿ ಕಪ್ಪು ಜನರ ಶವಯಾತ್ರೆಗೆ ಬ್ರಾಸ್ ಬ್ಯಾಂಡೇ ಮುಂದೆ ನಡೆಯತ್ತೆ, ಸಮಾಧಿವರೆಗೂ ನಿಧಾನದ ಶೋಕದ ಹಾಡು, ಮಣ್ಣಾದ ಮೇಲೆ ಲಯ ಏರಿಸಿ ಕುಣಿತ, ಅದು ಅವರ ಪಾಲಿಗೆ ಮರ್ಯಾದೆ. ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ಸರ್ಕಾರ ಇದ್ದಾಗ ಪೊಲೀಸರ ಗುಂಡಿಗೆ ಸತ್ತವರ ಶವಸಂಸ್ಕಾರದಲ್ಲಿ ಸಾವಿರಾರು ಜನ ಒಟ್ಟಿಗೆ ಹಾಡ್ತಿದ್ರು, ಸರ್ಕಾರದವರು ಅದಕ್ಕೆ ಎಷ್ಟು ಹೆದರಿದ್ರು ಅಂದ್ರೆ 1985ರ ತುರ್ತು ಪರಿಸ್ಥಿತಿ ಟೈಮಲ್ಲಿ ಬಯಲಲ್ಲಿ ಶವಸಂಸ್ಕಾರದ ಸಭೆ ಮಾಡಬಾರದು, ಅಲ್ಲಿ ರಾಜಕೀಯ ಮಾತಾಡಬಾರದು ಅಂತ ಆದೇಶ ತಂದ್ರು. ಆದ್ರೆ ಇದೆಲ್ಲಾ ಹೇಳಿ ನಿಮ್ಮ ಡ್ರಮ್ಸ್ ಹುಡುಗನ ಬಾಯಿ ಮುಚ್ಚಿಸಬೇಡಿ, ಅವನು ಹೇಳೋದ್ರಲ್ಲಿ ಅರ್ಧ ಸತ್ಯ ಇದೆ. ಡ್ರಮ್ಸ್ ತಪ್ಪಲ್ಲ, ಪೂರ್ತಿ ಡ್ರಮ್ ಸೆಟ್ಟು ಮೈಕ್ ಹಾಕ್ಕೊಂಡು ಬಾರಿಸಿದ್ರೆ ಜನರ ದನಿ ಮುಚ್ಚಿಹೋಗತ್ತೆ, ತಪ್ಪಾಗೋದು ಅಲ್ಲಿ. ಒಂದು ಕೈ ಡ್ರಮ್ಮು, ಎದೆ ಬಡಿತದ ಹಾಗೆ, ಮೈಕಿಲ್ದೆ, ಅಷ್ಟು ಸಾಕು. ಅಲ್ಲಿನವರೇ ಬಾರಿಸೋ ವಾದ್ಯ ಇದ್ರೆ ಅವರ ಕೈಗೇ ಬಿಡಿ.

ಸಂಗೀತಕ್ಕೆ ರಾಜಕೀಯ ಬೇಡ ಅನ್ನೋ ಮಾತು. ಕಸ್ಟಡಿಯಲ್ಲಿ ಸತ್ತವನ ನೆನಪಿಗೆ ಜನ ಸೇರೋದೇ ಒಂದು ಪ್ರಶ್ನೆ ಕೇಳಿದ ಹಾಗೆ, ನೀವು ಬರೀ ಕೊಳಲು ಊದಿದ್ರೂ ಆ ಪ್ರಶ್ನೆ ಅಲ್ಲಿರತ್ತೆ. 1963ರ ಸೆಪ್ಟೆಂಬರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಜನರ ಚರ್ಚಿಗೆ ಬಾಂಬಿಟ್ಟು ನಾಲ್ಕು ಹೆಣ್ಣುಮಕ್ಕಳು ಸತ್ತಾಗ ಸ್ಯಾಕ್ಸೊಫೋನ್ ನುಡಿಸೋ ಜಾನ್ ಕೋಲ್ಟ್ರೇನ್ ಎರಡೇ ತಿಂಗಳಲ್ಲಿ ಒಂದು ರಚನೆ ರೆಕಾರ್ಡ್ ಮಾಡಿದ್ರು, ಅದಕ್ಕೆ ಆ ರಾಜ್ಯದ ಹೆಸರು ಬಿಟ್ರೆ ಒಂದು ಪದಾನೂ ಇಲ್ಲ, ಆದ್ರೂ ಕೇಳಿದವರಿಗೆಲ್ಲಾ ಗೊತ್ತು ಅದು ಯಾತಕ್ಕೆ ಅಂತ. ಶೋ ಸಿಗಲ್ಲ ಅನ್ನೋ ಭಯ ಮಾತ್ರ ಸುಳ್ಳಲ್ಲ. ಅದೇ ಘಟನೆ ಬಗ್ಗೆ ಗಾಯಕಿ ನೀನಾ ಸಿಮೋನ್ ಕೋಪದಲ್ಲಿ ಹಾಡು ಬರೆದಾಗ ಅಮೆರಿಕದ ದಕ್ಷಿಣದ ಎಷ್ಟೋ ರೇಡಿಯೋ ಸ್ಟೇಷನ್‌ಗಳು ಅದನ್ನ ಹಾಕಲೇ ಇಲ್ಲ. ನನಗೂ ಕೆಲವು ಮದುವೆ, ಕಂಪನಿ ಶೋಗಳು ಕೈ ತಪ್ಪಿವೆ, ಯಾರೂ ಕಾರಣ ಹೇಳಲ್ಲ, ಸುಮ್ನೆ ಫೋನ್ ಬರೋದು ನಿಲ್ಲತ್ತೆ. ಹಾಗಾಗಿ ಕೀಬೋರ್ಡ್ ಹುಡುಗನ್ನ ಹೇಡಿ ಅನ್ನಬೇಡಿ. ಅವನ ಮನೆ ನಡೆಯೋದು ಶೋಗಳಿಂದ ಇರಬಹುದು, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿರಬಹುದು. ಐದೂ ಜನ ಬರಲೇಬೇಕು ಅಂತೇನಿಲ್ಲ, ಬ್ಯಾಂಡ್ ಹೆಸರೇ ಹಾಕದೆ ಬರೋರು ಬರಲಿ.

ಇನ್ನೊಂದು ತಪ್ಪು ತಿಳುವಳಿಕೆ ಹೋರಾಟದ ಕಡೆಯವರದ್ದು, ಒಳ್ಳೇ ಹಾಡೊಂದು ಬಂದ್ರೆ ನ್ಯಾಯ ಸಿಕ್ಕಿಬಿಡತ್ತೆ ಅನ್ನೋ ಥರ. ಹಾಡಿಂದ ಕೇಸ್ ಗೆಲ್ಲಲ್ಲ. ಮತ್ತೆ ಏನಾಗತ್ತೆ? ಇಂಗ್ಲೆಂಡಿನ ಹಿಲ್ಸ್‌ಬರೋ ಸ್ಟೇಡಿಯಂ ವಿಷಯ ತಗೊಳ್ಳಿ. 1989ರ ಏಪ್ರಿಲ್ 15ರಂದು ಫುಟ್‌ಬಾಲ್ ಮ್ಯಾಚಿಗೆ ಬಂದ ಲಿವರ್‌ಪೂಲ್ ಅಭಿಮಾನಿಗಳು ನೂಕುನುಗ್ಗಲಲ್ಲಿ ಸಿಕ್ಕಿ ಸತ್ರು, ತಪ್ಪು ಅಭಿಮಾನಿಗಳದ್ದೇ ಅಂತ ಪೊಲೀಸರು ಕಥೆ ಕಟ್ಟಿದ್ರು. ಮನೆಯವರು ಪ್ರತಿ ವರ್ಷ ಅದೇ ತಾರೀಕಿಗೆ ಲಿವರ್‌ಪೂಲ್ ಕ್ಲಬ್ಬಿನ ಆನ್‌ಫೀಲ್ಡ್ ಮೈದಾನದಲ್ಲಿ ಸೇರ್ತಿದ್ರು, ಎಲ್ಲರಿಗೂ ಬಾಯಿಪಾಠ ಆಗಿರೋ ಆ ಕ್ಲಬ್ಬಿನ ಹಾಡನ್ನೇ ಹಾಡ್ತಿದ್ರು. 2009ರಲ್ಲಿ ಇಪ್ಪತ್ತನೇ ವರ್ಷದ ಸಭೆಗೆ ಮಂತ್ರಿ ಆಂಡಿ ಬರ್ನ್‌ಹಮ್ ಬಂದು ಭಾಷಣ ಮಾಡ್ತಿದ್ದಾಗ ಜನ ಎದ್ದು ನಿಂತು ಸತ್ತ 96 ಜನಕ್ಕೆ ನ್ಯಾಯ ಬೇಕು ಅಂತ ಒಂದೇ ದನೀಲಿ ಕೂಗಿದ್ರು, ಮಂತ್ರಿ ಮಾತು ನಿಲ್ಲಿಸಬೇಕಾಯ್ತು. ಆಮೇಲೆ ಸ್ವತಂತ್ರ ಸಮಿತಿ ಬಂತು, 2012ರಲ್ಲಿ ಅದರ ವರದಿ ಬಂತು, 2016ರಲ್ಲಿ ಜ್ಯೂರಿ ಇದು ಕಾನೂನುಬಾಹಿರ ಸಾವು, ಅಭಿಮಾನಿಗಳದ್ದು ತಪ್ಪಿಲ್ಲ ಅಂತ ತೀರ್ಪು ಕೊಡ್ತು. ಗಾಯಗೊಂಡು ಉಳಿದಿದ್ದ ಒಬ್ಬರು 2021ರಲ್ಲಿ ತೀರಿಕೊಂಡು ಲೆಕ್ಕ ಈಗ 97. ಯಾರಿಗೂ ಜೈಲಾಗಲಿಲ್ಲ, ಅದೂ ನಿಜ. ಆದ್ರೆ ಇಪ್ಪತ್ತು ವರ್ಷ ಜನ ಚದುರಿ ಹೋಗದೆ ಒಂದು ತಾರೀಕನ್ನ ಹಿಡ್ಕೊಂಡು ಕೂತಿದ್ರಲ್ಲ, ಅದರಲ್ಲಿ ಆ ಹಾಡಿನ ಪಾಲಿದೆ. ವರ್ಷಕ್ಕೊಂದು ಸಲ ಬರಬೇಕು ಅನ್ನಿಸೋ ಹಾಗೆ ಮಾಡೋದು ಬರೀ ಭಾಷಣದಿಂದ ಆಗಲ್ಲ.

ಯಾಕೆ ಹಾಗೆ ಅಂದ್ರೆ, ಒಟ್ಟಿಗೆ ಹಾಡುವಾಗ ಎಲ್ಲರೂ ಒಂದೇ ಜಾಗದಲ್ಲಿ ಉಸಿರು ತಗೋತಾರೆ, ಸಾಲಿನ ಉದ್ದಕ್ಕೂ ನಿಧಾನಕ್ಕೆ ಬಿಡ್ತಾರೆ. ಸ್ವೀಡನ್ನಿನ ಗೋಥೆನ್‌ಬರ್ಗ್ ಯೂನಿವರ್ಸಿಟಿಯವರು 2013ರಲ್ಲಿ ಕೋರಸ್ ಹಾಡೋರ ಮೇಲೆ ಮಾಡಿದ ಅಧ್ಯಯನದಲ್ಲಿ ಹಾಡಿನ ಜೊತೆ ಅವರ ಎದೆಬಡಿತದ ಏರಿಳಿತಾನೂ ಒಂದಕ್ಕೊಂದು ಹೊಂದ್ಕೊಂಡಿದ್ದು ಕಾಣಿಸ್ತು. ನಾನು ಕಣ್ಣಾರೆ ನೋಡಿರೋದು ಇನ್ನೂ ಸರಳ. ಅಳು ಬಂದವರಿಗೆ ಮಾತಾಡೋಕೆ ಗಂಟಲು ಕಟ್ಟತ್ತೆ, ಆದ್ರೆ ಪಕ್ಕದವರು ಹಾಡ್ತಿದ್ರೆ ಅವರ ದನಿ ಹಿಡ್ಕೊಂಡು ಎರಡು ಸಾಲು ಹೇಳ್ತಾರೆ. ನಡುವೆ ನಿಂತು ಹೋದ್ರೂ ಹಾಡು ನಿಲ್ಲಲ್ಲ, ಬೇರೆಯವರು ಎತ್ಕೋತಾರೆ.

ಇದಕ್ಕೇ ನಾನು ಹೇಳೋದು, ಅಲ್ಲಿ ಜನಾನೇ ಮುಮ್ಮೇಳ, ನೀವು ಹಿಮ್ಮೇಳ. ನಿಮ್ಮ ಮುಂದೆ ನಾಲ್ಕು ದಾರಿ ಇದೆ ಅಂದ್ಕೊಳ್ಳಿ. ಬ್ಯಾಂಡಾಗಿ ಹೋಗಿ ನಿಮ್ಮ ಸೆಟ್ ಹಾಡೋದು ಒಂದು, ಸುಲಭ, ಆದ್ರೆ ಅದು ಶೋ ಆಗೋ ಅಪಾಯ ಜಾಸ್ತಿ, ಜನ ಫೋನ್ ಎತ್ಕೊಂಡು ರೆಕಾರ್ಡ್ ಮಾಡ್ತಾ ನಿಲ್ತಾರೆ. ಹಾಡದೇ ನಿಮ್ಮ ಮೈಕು, ಬಾಕ್ಸು, ಮಿಕ್ಸರ್ ಕೊಟ್ಟು ಸೌಂಡ್ ನೋಡ್ಕೊಳ್ಳೋದು ಇನ್ನೊಂದು, ಇದನ್ನ ಯಾರೂ ಲೆಕ್ಕಕ್ಕಿಡಲ್ಲ, ಆದ್ರೆ ಅಮ್ಮ ಮಾತಾಡುವಾಗ ಮೈಕ್ ಕೀಚಲು ಹೊಡೆಯದೆ ಇರೋದು ಮೂರು ಹಾಡಿಗಿಂತ ದೊಡ್ಡ ಉಪಕಾರ. ಒಪ್ಕೊಳ್ಳದೆ ಜನರ ನಡುವೆ ಸುಮ್ನೆ ಹೋಗಿ ಕೂರೋದೂ ಒಂದು ದಾರಿನೇ. ನನಗೆ ಇಷ್ಟ ಆಗೋದು ಮಾತ್ರ ನಾಲ್ಕನೇದು: ಸಭೆಗೆ ಎರಡು ವಾರ ಮುಂಚೆ ಆ ಬಡಾವಣೆಗೆ ಮೂರ್ನಾಲ್ಕು ಸಂಜೆ ಹೋಗಿ, ಅಲ್ಲಿ ಹಾಡೋರು ಯಾರಿದಾರೆ ಹುಡುಕಿ, ಇದ್ದೇ ಇರ್ತಾರೆ, ಅವರ ಹಾಡನ್ನ ನೀವು ಕಲಿತು ಅವರ ಹಿಂದೆ ಗಿಟಾರ್ ಹಿಡಿದು ಕೂತ್ಕೊಳ್ಳಿ. ಟೈಮ್ ಬೇಕು, ಬೇಜಾರಾಗೋ ಸಂಜೆಗಳೂ ಇರ್ತವೆ, ಮೊದಲ ದಿನ ನಿಮ್ಮನ್ನ ಯಾರೂ ನಂಬದೇ ಇರಬಹುದು. ಆದ್ರೆ ಹೆಸರು ಮಾಡ್ಕೋತಿದೀವಾ ಅನ್ನೋ ನಿಮ್ಮ ಭಯಕ್ಕೆ ಇದಕ್ಕಿಂತ ಒಳ್ಳೇ ಔಷಧಿ ನನಗೆ ಗೊತ್ತಿಲ್ಲ.

ಹಾಡಿನ ಬಗ್ಗೆ ಸ್ವಲ್ಪ ಕೆಲಸದ ಮಾತು. ನಿಮ್ಮ ಗಂಟಲಿಗೆ ಒಪ್ಪೋ ಶ್ರುತಿ ಜನಕ್ಕೆ ಒಪ್ಪಲ್ಲ, ನೀವು ಸ್ಟೇಜಲ್ಲಿ ಹಾಡೋದಕ್ಕಿಂತ ಗಿಟಾರಿನ ಎರಡು ಮೂರು ಮನೆ (ಫ್ರೆಟ್) ಕೆಳಗೆ ಇಳಿಸಿ, ಇಡೀ ಹಾಡು ಒಂದು ಸ್ಥಾಯಿ ಒಳಗೆ ಮುಗೀಬೇಕು. ಸಾಲು ಚಿಕ್ಕದಿರಲಿ, ಒಬ್ಬರು ಹೇಳಿ ಎಲ್ಲರೂ ತಿರುಗಿ ಹೇಳೋ ಥರ ಇದ್ರೆ ಇನ್ನೂ ಒಳ್ಳೇದು, ಕಾಗದ ನೋಡ್ಕೊಂಡು ಯಾರೂ ಅಳೋಕಾಗಲ್ಲ. ಎಕೋ ತೆಗೆಸಿ. ಸೌಂಡ್ ಚೆಕ್ಕನ್ನ ಮನೆಯವರು ಬರೋಕೆ ಮುಂಚೆನೇ ಮುಗಿಸಿ, ಮಗನ ಫೋಟೋ ಮುಂದೆ ನೀವು ಹಲೋ ಹಲೋ ಚೆಕ್ ಅಂತಿರೋದನ್ನ ಆ ತಾಯಿ ಕೇಳಬಾರದು. ಮೌನ ಆಚರಿಸುವಾಗ ಕೈ ವಾದ್ಯದ ಮೇಲಿಂದ ತೆಗೀರಿ, ಒಂದು ನಿಮಿಷ ತುಂಬಾ ಉದ್ದ ಅನ್ಸತ್ತೆ, ತುಂಬಿಸೋಕೆ ಹೋಗಬೇಡಿ. ಬ್ಯಾಂಡ್ ಪರಿಚಯ, ಬ್ಯಾನರ್ ಬೇಡ, ಚಪ್ಪಾಳೆಗೆ ಜಾಗ ಕೊಡದೆ ಮುಂದಿನ ಮಾತಿಗೆ ಬಿಟ್ಕೊಡಿ. ಅಮೆರಿಕದ ಗಾಯಕಿ ಬಿಲ್ಲಿ ಹಾಲಿಡೇ 1939ರಲ್ಲಿ ನ್ಯೂಯಾರ್ಕಿನ ಕ್ಲಬ್ಬಲ್ಲಿ ಕಪ್ಪು ಜನರನ್ನ ಮರಕ್ಕೆ ನೇತುಹಾಕ್ತಿದ್ದ ಕ್ರೌರ್ಯದ ಬಗ್ಗೆ ಹಾಡುವಾಗ ಸರ್ವರ್‌ಗಳು ಕೆಲಸ ನಿಲ್ಲಿಸ್ತಿದ್ರು, ಮುಖದ ಮೇಲೊಂದು ಬಿಟ್ರೆ ಎಲ್ಲಾ ಲೈಟ್ ಆಫ್, ಮುಗಿದ ಮೇಲೆ ಇನ್ನೊಂದು ಹಾಡು ಇಲ್ಲ, ವಂದಿಸೋದೂ ಇಲ್ಲ. ಕುಡಿಯೋಕೆ ಬಂದವರ ಕ್ಲಬ್ಬಲ್ಲೇ ಅಷ್ಟು ಶಿಸ್ತು ತಂದಿದ್ರು.

ಹೆಸರಿಟ್ಟು ಬರೆದ ಹಾಡು ಇದೆಯಲ್ಲ, ನನಗೆ ನಿಜವಾಗ್ಲೂ ಚಿಂತೆ ಇರೋದು ಅದರದ್ದು. ಮನೆಯವರಿಗೆ ಓದಿ ತೋರಿಸದೆ ಒಂದು ಸಾಲೂ ಹೊರಗೆ ಬರಬಾರದು. ಕೇಸ್ ಇನ್ನೂ ನಡೀತಿದ್ರೆ ಇಂಥವರೇ ಕೊಂದ್ರು ಅಂತ ಹಾಡಲ್ಲಿ ಹೆಸರು ಹಿಡಿದು ಹೇಳೋದು ನಿಮಗೆ ಮಾನನಷ್ಟ ಕೇಸ್ ತರಬಹುದು, ಅದಕ್ಕಿಂತ ಹೆಚ್ಚಾಗಿ ಮನೆಯವರ ವಕೀಲರಿಗೆ ತೊಂದರೆ ಆಗಬಹುದು, ಹಾಗಾಗಿ ಅವರ ವಕೀಲರಿಗೂ ಒಂದು ಸಲ ತೋರಿಸಿ. ಇದೇ ಜಾಗದಲ್ಲಿ ಇನ್ನೊಂದು ಹೇಳ್ತೀನಿ, ನಿಮ್ಮ ವಿಷಯಕ್ಕೆ ಸಂಬಂಧ ಇಲ್ದಿದ್ರೂ ಮುಂದೆ ಬೇಕಾಗತ್ತೆ: ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು, ಫೋಟೋ ಬಹಿರಂಗ ಮಾಡೋದು ಭಾರತದಲ್ಲಿ ಅಪರಾಧ, ಅವರು ತೀರಿಕೊಂಡಿದ್ರೂ ಅಪರಾಧಾನೇ, ಮನೆಯವರು ಒಪ್ಪಿದಾರೆ ಅಂತ ನಾವೇ ಹೆಸರು ಹಾಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟ ಮಾಡಿದೆ. ಹಾಡು, ಪೋಸ್ಟರ್, ವಿಡಿಯೋ ಎಲ್ಲದಕ್ಕೂ ಇದು ಅನ್ವಯ ಆಗತ್ತೆ.

ವಿಡಿಯೋನ ಅವತ್ತೇ ಬಿಡೋದು ಬೇಡ. ಆ ದಿನ ಹುಡುಗನ ಹೆಸರು ಹುಡುಕೋರಿಗೆ ಮೊದಲು ಅವನ ಮನೆಯವರ ಮಾತು ಸಿಗಬೇಕು, ನಿಮ್ಮ ಬ್ಯಾಂಡಲ್ಲ. ಒಂದು ತಿಂಗಳು ಬಿಟ್ಟು, ಅವರೇ ಬಿಡಿ ಅಂದ್ರೆ ಬಿಡಿ, ಅದರಿಂದ ದುಡ್ಡು ಬಂದ್ರೆ ಅದು ಎಲ್ಲಿಗೆ ಹೋಗತ್ತೆ ಅಂತ ಮೊದಲೇ ಬರೆದಿಟ್ಕೊಳ್ಳಿ. ಸಭೇಲಿ ಶೂಟ್ ಮಾಡಿದ್ರೆ ಜನರ ಮುಖ ಬರದ ಹಾಗೆ ಮಾಡಿ, ಅಲ್ಲಿ ಸಾಕ್ಷಿ ಹೇಳೋರು ಕೂತಿರ್ತಾರೆ, ಕೆಲಸ ಕಳ್ಕೊಳ್ಳೋರು ಕೂತಿರ್ತಾರೆ. ಲೈವ್ ಅಂತೂ ಬೇಡವೇ ಬೇಡ, ಒಂದು ಸಲ ಹೋದ್ರೆ ವಾಪಸ್ ತರೋಕಾಗಲ್ಲ. ಬೇರೆಯವರ ಹಾಡು ಹಾಡೋದಾದ್ರೆ ಕಾಪಿರೈಟ್ ಪ್ರಶ್ನೆನೂ ಇದೆ, ಸಭೆ ನಡೆಸೋರ ಹತ್ರ ಕೇಳಿ, ಆನ್‌ಲೈನ್ ಹಾಕಿದ್ರೆ ಅದರದ್ದೇ ಬೇರೆ ಲೆಕ್ಕ. ಯಾರದ್ದೂ ಅಲ್ಲ ಎಲ್ಲರದ್ದೂ ಅಂತ ನಾವೆಲ್ಲಾ ಹಾಡ್ಕೊಂಡು ಬಂದ 'ವಿ ಶಲ್ ಓವರ್‌ಕಮ್' ಕೂಡ ಅಮೆರಿಕದಲ್ಲಿ ಕೋರ್ಟಿಗೆ ಹೋಗಿ 2018ರಲ್ಲಷ್ಟೇ ಪೂರ್ತಿ ಸಾರ್ವಜನಿಕರದ್ದಾಗಿದ್ದು.

ದುಡ್ಡು. ನಿಮಗೆ ಕಷ್ಟ ಇಲ್ದಿದ್ರೆ ಸಂಭಾವನೆ ಬೇಡ, ಓಡಾಟದ ಖರ್ಚು ಕೇಳೋದು ತಪ್ಪಲ್ಲ. ಸೌಂಡ್‌ನವರಿಗೆ, ಆ ಬಡಾವಣೆಯ ಕಲಾವಿದರಿಗೆ ಪೂರ್ತಿ ಕೊಡಿಸಿ, ನ್ಯಾಯದ ಸಭೆ ಅಂತ ಹೇಳಿ ದುಡಿಯೋರಿಗೆ ಪುಕ್ಕಟೆ ಕೆಲಸ ಮಾಡಿಸೋದನ್ನ ನಾನು ಸಿಕ್ಕಾಪಟ್ಟೆ ನೋಡಿದೀನಿ, ನೋಡಿದಾಗೆಲ್ಲಾ ಕೋಪ ಬರತ್ತೆ. ಅಲ್ಲಿ ಹಣ ಸಂಗ್ರಹ ಆದ್ರೆ ಡಬ್ಬಿ ನಿಮ್ಮ ಕೈಯಲ್ಲಿ ಇರಬಾರದು.

ಗಲಾಟೆ ವಿಷಯಕ್ಕೆ, ಪರ್ಮಿಷನ್ ಯಾರ ಹೆಸರಲ್ಲಿದೆ, ಮೈಕಿಗೆ ಬೇರೆ ಪರ್ಮಿಷನ್ ಇದೆಯಾ, ಎಷ್ಟು ಗಂಟೆವರೆಗೆ, ಅದರ ಕಾಪಿ ಫೋನಲ್ಲಿ ಇಟ್ಕೊಳ್ಳಿ. ಸಭೆ ಮುಗಿದ ಮೇಲೆ ಮೆರವಣಿಗೆ ಹೊರಡೋ ಪ್ಲಾನ್ ಇದೆಯಾ ಅಂತ ನೇರವಾಗಿ ಕೇಳಿ, ಇದ್ರೆ ನಿಮ್ಮಲ್ಲಿ ಯಾರು ಹೋಗ್ತಾರೆ ಯಾರು ಹೋಗಲ್ಲ ಅಂತ ಮನೇಲೇ ಮಾತಾಡ್ಕೊಂಡು ಬನ್ನಿ. ಹೊತ್ಕೊಂಡು ಓಡೋಕಾಗದ ವಾದ್ಯ ತರಬೇಡಿ. ಜನ ನುಗ್ಗೋಕೆ ಶುರು ಮಾಡಿದ್ರೆ ಲಯದ ಹಾಡು ನಿಲ್ಲಿಸಿ ನಿಧಾನದ್ದು ಎತ್ಕೊಳ್ಳಿ, ಇದು ಎಷ್ಟೋ ಸಲ ಕೆಲಸ ಮಾಡಿದೆ, ಎಲ್ಲಾ ಸಲ ಅಲ್ಲ. ಕೆಲಸ ಮಾಡ್ತಿಲ್ಲ ಅನ್ಸಿದ ಕೂಡಲೇ ಮೈಕನ್ನ ಸಭೆ ನಡೆಸೋರಿಗೆ ಕೊಟ್ಟು ಕೆಳಗಿಳೀರಿ.

ಅಪಾಯ ಎಷ್ಟು ಅಂತ ಅಳೆಯೋ ಹಕ್ಕೂ ಮೊದಲು ಕಳ್ಕೊಂಡವರದ್ದು. 1989ರ ಜನವರಿ 1ರಂದು ದೆಹಲಿ ಹತ್ರದ ಝಂಡಾಪುರದಲ್ಲಿ ಬೀದಿನಾಟಕ ಮಾಡ್ತಿದ್ದ ಸಫ್ದರ್ ಹಾಶ್ಮಿ ಮೇಲೆ ಹಲ್ಲೆ ಆಯ್ತು, ಮಾರನೇ ದಿನ ತೀರಿಕೊಂಡ್ರು, ರಾಮ್ ಬಹದ್ದೂರ್ ಅನ್ನೋ ಕಾರ್ಮಿಕನೂ ಸತ್ತ. 4ನೇ ತಾರೀಕು ಸಫ್ದರ್ ಹೆಂಡತಿ ಮೊಲೊಯಶ್ರೀ ತಂಡದ ಜೊತೆ ಅದೇ ಜಾಗಕ್ಕೆ ವಾಪಸ್ ಹೋಗಿ ಅರ್ಧಕ್ಕೆ ನಿಂತ ನಾಟಕವನ್ನ ಪೂರ್ತಿ ಆಡಿದ್ರು. ಅದು ಆಕೆ ತಗೊಂಡ ನಿರ್ಧಾರ. ಹೊರಗಿನವರು ಯಾರಾದ್ರೂ ಮೂರನೇ ದಿನಕ್ಕೆ ಆಕೆಗೆ ಹೋಗಿ ಆಡಿ ಅಂತ ಹೇಳೋಕಾಗ್ತಿತ್ತಾ?

ಒಟ್ಟಲ್ಲಿ, ಹೋಗಿ ಅಂತಾನೇ ನನ್ನ ಉತ್ತರ, ಆದ್ರೆ ಸಭೆಗೆ ಮುಂಚೆ ಆ ಮನೆಗೆ ಹೋಗಿ. ಒಂದೇ ಹಾಡಾದ್ರೂ ಪರವಾಗಿಲ್ಲ. ಮುಗಿದ ಕೂಡಲೇ ವೈರ್ ಸುತ್ತೋಕೆ ಶುರು ಮಾಡಬೇಡಿ, ಮನೆಯವರು ಎದ್ದು ಹೋಗೋವರೆಗೂ ಕಾಯಿರಿ. ಮುಂದಿನ ವರ್ಷದ ತಾರೀಕನ್ನೂ ಈಗಲೇ ಬರೆದಿಟ್ಕೊಳ್ಳಿ, ಎರಡನೇ ವರ್ಷಕ್ಕೆ ಜನ ಅರ್ಧ ಆಗಿರ್ತಾರೆ, ಕರೆಯೋರೂ ಇರಲ್ಲ, ಅವತ್ತು ನಿಮ್ಮ ಅಗತ್ಯ ಈ ವರ್ಷಕ್ಕಿಂತ ಜಾಸ್ತಿ ಇರತ್ತೆ.

ಅಮ್ಮನ್ನ ಭೇಟಿ ಆದ್ಮೇಲೆ ಯಾವ ಹಾಡು ಬೇಕಂದ್ರು ಅಂತ ಬರೀರಿ, ಜನ ಹಾಡೋ ಹಾಗೆ ಶ್ರುತಿ ಎಲ್ಲಿಡಬೇಕು, ಯಾವ ಸಾಲನ್ನ ತಿರುಗಿ ಹೇಳಿಸಬೇಕು ಅಂತ ಕೂತು ನೋಡೋಣ.